ಹಿರಿಯರು ಬೀಳದಂತೆ ಕಾಪಾಡಲು ಮನೆಯಲ್ಲೇ ಫಿಸಿಯೋಥೆರಪಿ



ತಿಂಗಳ ಮೊದಲ ಶುಕ್ರವಾರ ಧರ್ಮಗುರುಗಳು ಪರಮಪ್ರಸಾದ ತೆಗೆದುಕೊಂಡು ಕಾಯಿಲೆಯವರ ಮನೆಗಳಿಗೆ ಹೋಗುವುದು ನಿಮಗೆಲ್ಲ ತಿಳಿದ ವಿಷಯ. ಘಟ್ಟದ ಮೇಲಿನ ಒಂದು ಧರ್ಮಕೇಂದ್ರದಲ್ಲಿ ನಾನು ಸೇವೆಯಲ್ಲಿದ್ದಾಗ ಆ ಮನೆಗಳ ಒಂದು ಪಟ್ಟಿ ಪೂಜಾ ಸಾಮಗ್ರಿಯ ಕೋಣೆಯ ಗೋಡೆಗೆ ಅಂಟಿಸಿತ್ತು. ಹೆಸರುಗಳ ಮುಂದೆ ಕಾಯಿಲೆ ಏನೆಂದು ಬರೆದಿರಲಿಲ್ಲ. ಮನೆಗೆ ಹೋಗಿ ಕೇಳಿದರೆ ಸಿಗುತ್ತಿದ್ದ ಉತ್ತರ ಮಾತ್ರ ಒಂದೇ ಬಗೆಯದು: "ಹೋದ ಮಳೆಗಾಲದಲ್ಲಿ ಬಚ್ಚಲಲ್ಲಿ ಜಾರಿದರು ಫಾದರ್, ಆಮೇಲೆ ಎದ್ದಿಲ್ಲ." ಇನ್ನೊಂದು ಮನೆಯಲ್ಲಿ ಬಚ್ಚಲಿನ ಬದಲು ಅಂಗಳ, ಮತ್ತೊಂದರಲ್ಲಿ ಹೊಸ್ತಿಲು. ಸಕ್ಕರೆ ಕಾಯಿಲೆ, ಬಿಪಿ, ಉಬ್ಬಸ ಎಲ್ಲವೂ ಅವರಿಗಿತ್ತು. ಆದರೆ ಅವರನ್ನು ಮಂಚಕ್ಕೆ ಕಟ್ಟಿಹಾಕಿದ್ದು ಆ ಕಾಯಿಲೆಗಳಲ್ಲ, ಒಂದು ಕ್ಷಣದ ಬೀಳುವಿಕೆ.

ನಾವು ಇದನ್ನು ವಿಧಿ ಎನ್ನುತ್ತೇವೆ, ಅಥವಾ "ವಯಸ್ಸಾಯಿತಲ್ಲ" ಎಂದು ಸುಮ್ಮನಾಗುತ್ತೇವೆ. ಈ ಲೇಖನ ಬರೆಯಲು ಕುಳಿತದ್ದು ಅದು ಪೂರ್ತಿ ಸರಿಯಲ್ಲ ಎಂದು ಹೇಳುವುದಕ್ಕೆ. ವಯಸ್ಸಾದವರು ಬೀಳುವುದನ್ನು ಬಹುಮಟ್ಟಿಗೆ ತಡೆಯಬಹುದು. ಅದಕ್ಕೆ ದೊಡ್ಡ ಆಸ್ಪತ್ರೆ ಬೇಡ, ಯಂತ್ರವೂ ಬೇಡ. ಮನೆಯ ಅಡುಗೆ ಕಟ್ಟೆ ಹಿಡಿದು ನಿಂತು ಮಾಡುವ ಕೆಲವು ವ್ಯಾಯಾಮಗಳು, ಅವನ್ನು ಸರಿಯಾಗಿ ಕಲಿಸಿಕೊಡುವ ಒಬ್ಬ ಫಿಸಿಯೋಥೆರಪಿಸ್ಟ್, ವಾರವಾರವೂ ನೆನಪಿಸುವ ಒಬ್ಬ ಮನುಷ್ಯ, ಇಷ್ಟೇ ಬೇಕಾಗಿರುವುದು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಮಂದಿ ಬಿದ್ದು ಸಾಯುತ್ತಾರೆ. ಅಪಘಾತದ ಸಾವುಗಳಲ್ಲಿ ರಸ್ತೆ ಅಪಘಾತದ ನಂತರದ ಸ್ಥಾನ ಇದಕ್ಕೇ. ಸಾಯುವವರಲ್ಲಿ ಹೆಚ್ಚಿನವರು 60 ದಾಟಿದವರು. ಸಾಯದೆ ಉಳಿದು, ವೈದ್ಯರ ಬಳಿ ಹೋಗಬೇಕಾಗುವಷ್ಟು ಪೆಟ್ಟು ಮಾಡಿಕೊಳ್ಳುವವರು ವರ್ಷಕ್ಕೆ 3 ಕೋಟಿ 70 ಲಕ್ಷಕ್ಕೂ ಹೆಚ್ಚು. ಹಿರಿಯರಲ್ಲಿ ಅತಿ ಕೆಟ್ಟದ್ದು ಸೊಂಟದ ಕೀಲಿನ ಬಳಿ ತೊಡೆಮೂಳೆ ಮುರಿಯುವುದು. ಹಾಗೆ ಮುರಿದವರಲ್ಲಿ ಸುಮಾರು ಐವರಲ್ಲಿ ಒಬ್ಬರು ಅಥವಾ ಅದಕ್ಕಿಂತ ಹೆಚ್ಚು ಮಂದಿ ಒಂದು ವರ್ಷದೊಳಗೆ ತೀರಿಕೊಳ್ಳುತ್ತಾರೆ ಎಂದು ಬೇರೆ ಬೇರೆ ದೇಶಗಳ ಅನುಭವ ಹೇಳುತ್ತದೆ. ಮೂಳೆ ಮುರಿದದ್ದರಿಂದ ಅಲ್ಲ. ಮಲಗಿದ್ದರಿಂದ ಬರುವ ನ್ಯುಮೋನಿಯಾ, ಬೆನ್ನು ಹುಣ್ಣು, ರಕ್ತ ಹೆಪ್ಪುಗಟ್ಟುವುದು ಮುಂತಾದವುಗಳಿಂದ.

ಇದರಲ್ಲಿ ದೊಡ್ಡವರು ಚಿಕ್ಕವರು ಎಂಬ ಭೇದವಿಲ್ಲ. ಸಂತ ಎರಡನೇ ಜಾನ್ ಪೌಲರು ಪರ್ವತ ಹತ್ತುತ್ತಿದ್ದವರು, ಹಿಮದಲ್ಲಿ ಸ್ಕೀ ಆಡುತ್ತಿದ್ದವರು. ಅವರೇ 1994ರ ಏಪ್ರಿಲ್‌ನಲ್ಲಿ, ತಮ್ಮ 73ನೇ ವಯಸ್ಸಿನಲ್ಲಿ, ಸ್ನಾನದ ಕೋಣೆಯಲ್ಲಿ ಜಾರಿಬಿದ್ದು ತೊಡೆಮೂಳೆ ಮುರಿದುಕೊಂಡರು. ಶಸ್ತ್ರಚಿಕಿತ್ಸೆಯಾದ ಮೇಲೂ ಕೈಯಲ್ಲಿ ಊರುಗೋಲು ಬಂತು. ಪೋಪ್ ಹದಿನಾರನೇ ಬೆನೆಡಿಕ್ಟರು 2009ರ ಜುಲೈನಲ್ಲಿ ರಜೆಗೆಂದು ಹೋದ ಜಾಗದಲ್ಲಿ ಕೋಣೆಯೊಳಗೆ ಬಿದ್ದು ಮಣಿಕಟ್ಟು ಮುರಿದುಕೊಂಡರು. ಪೋಪ್ ಫ್ರಾನ್ಸಿಸರು 2025ರ ಜನವರಿಯಲ್ಲಿ ತಮ್ಮ ನಿವಾಸದಲ್ಲೇ ಬಿದ್ದು ಮುಂಗೈಗೆ ಪೆಟ್ಟು ಮಾಡಿಕೊಂಡರು. ಸುತ್ತ ಸೇವಕರೂ ವೈದ್ಯರೂ ಇದ್ದ ಮೂವರು ಪೋಪರೇ ಬಿದ್ದರೆಂದ ಮೇಲೆ, ಮಕ್ಕಳೆಲ್ಲ ಬೆಂಗಳೂರು, ಗೋವಾ, ಕೊಲ್ಲಿ ದೇಶಗಳಲ್ಲಿದ್ದು ಒಬ್ಬರೇ ಇರುವ ನಮ್ಮ ಅಜ್ಜಿಯರ ಪಾಡು ಏನು?

ನಮ್ಮ ಮನೆಗಳು, ನಮ್ಮ ಮಳೆ

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಮನೆಗಳನ್ನು ನೋಡಿದರೆ ಬೀಳುವುದಕ್ಕೆ ಎಷ್ಟು ಅನುಕೂಲ ಮಾಡಿಟ್ಟಿದ್ದೇವೆ ಎಂದು ಅನಿಸುತ್ತದೆ. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೆ ಬಿಡುವುದಿಲ್ಲ. ಅಂಗಳದಲ್ಲಿ ಹಾವಸೆ ಕಟ್ಟುತ್ತದೆ. ಹಿಂದಿನವರು ಅಂಗಳಕ್ಕೆ ಅಡಿಕೆ ಸೋಗೆ ಹಾಸುತ್ತಿದ್ದರು, ನಡೆಯುವ ದಾರಿಗೆ ಅಡಿಕೆ ದಬ್ಬೆ ಹಾಕುತ್ತಿದ್ದರು. ಸೋಗೆಯೇನೋ ಕಾಲಿಗೆ ಹಿಡಿತ ಕೊಡುತ್ತದೆ, ಆದರೆ ಹಳೆಯ ದಬ್ಬೆ ಎರಡು ಮಳೆ ಕಂಡ ಮೇಲೆ ಅದೇ ಜಾರುಬಂಡೆ. ಬಚ್ಚಲುಮನೆ ಹಲವು ಕಡೆ ಇನ್ನೂ ಮನೆಯ ಹಿಂದೆ, ಎರಡು ಮೆಟ್ಟಿಲು ಇಳಿದು ಹೋಗುವಂತಿದೆ. ಒಳಗೆ ಹಂಡೆಯ ಒಲೆಯ ಹೊಗೆ ಹಿಡಿದು ಹಗಲಲ್ಲೂ ಕತ್ತಲೆ. ಪಾಯಖಾನೆ ಅದರಾಚೆ. ಮಳೆಗಾಲದಲ್ಲಿ ಗಾಳಿ ಎದ್ದು ಮರ ಬಿದ್ದರೆ ಕರೆಂಟು ಎರಡು ದಿನ ಇಲ್ಲ. ರಾತ್ರಿ ಎರಡು ಗಂಟೆಗೆ ಮೂತ್ರಕ್ಕೆಂದು ಎದ್ದ ಅಜ್ಜ, ಮಗ ಸೊಸೆಯ ನಿದ್ದೆ ಕೆಡಿಸಬಾರದೆಂದು ಟಾರ್ಚು ಹುಡುಕದೆ ಗೋಡೆ ಸವರುತ್ತ ಹೊರಡುತ್ತಾರೆ. ಕಾಲಲ್ಲಿ ಸವೆದ ಹವಾಯಿ ಚಪ್ಪಲಿ.

ಹೊಸ ಮನೆ ಕಟ್ಟಿಸಿದವರದ್ದು ಇನ್ನೊಂದು ಕತೆ. ಕೆಂಪು ಕಾವಿಯ ನೆಲ ಹೋಗಿ ಹೊಳೆಯುವ ಟೈಲ್ಸ್ ಬಂದಿದೆ. ಮನೆ ಒಕ್ಕಲಿಗೆ ಪವಿತ್ರ ಜಲ ಚಿಮುಕಿಸಲು ಹೋದಾಗ ನಾನೇ ಜಾರಿದ್ದುಂಟು. ಮನೆಯವರಿಗೆ ಟೈಲ್ಸಿನ ಹೊಳಪಿನ ಮೇಲೆ ಇರುವ ಅಭಿಮಾನ ನೋಡಿ ಏನೂ ಹೇಳಲಿಲ್ಲ. ಹೇಳಬೇಕಿತ್ತು.

ಬಿದ್ದ ಮೇಲಿನ ದಾರಿಯೂ ನಮ್ಮಲ್ಲಿ ಉದ್ದ. ಮುರಿದ ಸೊಂಟಕ್ಕೆ ದೊಡ್ಡ ಆಸ್ಪತ್ರೆ ಬೇಕೆಂದರೆ ಶಿರಸಿಯಿಂದ ಹುಬ್ಬಳ್ಳಿಗೆ ಸುಮಾರು ನೂರು ಕಿಲೋಮೀಟರ್, ಯಲ್ಲಾಪುರದಿಂದ ಎಪ್ಪತ್ತರಷ್ಟು. ಸಿದ್ದಾಪುರದವರು ಸಾಗರ ದಾಟಿ ಶಿವಮೊಗ್ಗದ ಕಡೆ ನೋಡುತ್ತಾರೆ. ಕರಾವಳಿಯ ಕಡೆಗೆ ಹೋಗುವವರಿಗೆ ಘಟ್ಟ ಇಳಿಯಬೇಕು. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು 2022ರ ಜುಲೈನಲ್ಲಿ ನಮ್ಮ ಯುವಕರು ಜಾಲತಾಣಗಳಲ್ಲಿ ಎಬ್ಬಿಸಿದ ಕೂಗನ್ನು ನೀವು ಮರೆತಿರಲಾರಿರಿ. 2021ರ ಜುಲೈನಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದಂತಹ ದಿನಗಳಲ್ಲಿ ಆಂಬುಲೆನ್ಸ್ ಬರುವ ದಾರಿಯೇ ಇರುವುದಿಲ್ಲ. ಒಳಹಳ್ಳಿಯ ಸಿದ್ದಿ ಕುಟುಂಬಗಳಲ್ಲಿ ರೋಗಿಯನ್ನು ಕಂಬಳಿಯಲ್ಲಿ ಹೊತ್ತು ರಸ್ತೆಗೆ ತಂದ ಕತೆಗಳನ್ನು ಕೇಳಿದ್ದೇನೆ. ಆದ್ದರಿಂದ ಬಿದ್ದ ಮೇಲಿನ ಚಿಕಿತ್ಸೆಗಿಂತ ಬೀಳದಂತೆ ಮಾಡುವ ಕೆಲಸವೇ ನಮ್ಮ ಮೂರು ತಾಲೂಕುಗಳಿಗೆ ಹೆಚ್ಚು ಹೊಂದುತ್ತದೆ.

ಕಾಲು ಏಕೆ ಸೋಲುತ್ತದೆ?

ನಾವು ನೆಟ್ಟಗೆ ನಿಲ್ಲುವುದು ಒಂದು ಸಣ್ಣ ಅದ್ಭುತ. ಕಣ್ಣು, ಕಿವಿಯೊಳಗಿನ ಸಮತೋಲನದ ಅಂಗ, ಅಂಗಾಲಿನ ಸ್ಪರ್ಶ ಈ ಮೂರೂ ಮಿದುಳಿಗೆ ಸುದ್ದಿ ಕಳುಹಿಸುತ್ತವೆ. ಮಿದುಳು ಕಾಲಿನ ಸ್ನಾಯುಗಳಿಗೆ ಆಜ್ಞೆ ಕೊಡುತ್ತದೆ. ವಯಸ್ಸಾದಂತೆ ಕಣ್ಣಿಗೆ ಪೊರೆ ಬರುತ್ತದೆ. ಸಕ್ಕರೆ ಕಾಯಿಲೆ ಇದ್ದವರಿಗೆ ಅಂಗಾಲು ಮರಗಟ್ಟುತ್ತದೆ. ತೊಡೆಯ, ಮೀನಖಂಡದ ಸ್ನಾಯು ಕರಗುತ್ತದೆ. ಎಡವಿದಾಗ ಯುವಕನ ಕಾಲು ತಕ್ಷಣ ಮುಂದೆ ಹೋಗಿ ಊರಿಕೊಳ್ಳುತ್ತದೆ, ಅಜ್ಜನ ಕಾಲು ಅರೆಕ್ಷಣ ತಡವಾಗಿ ಹೋಗುತ್ತದೆ. ಆ ಅರೆಕ್ಷಣದಲ್ಲೇ ಎಲ್ಲ ಮುಗಿದಿರುತ್ತದೆ.

ಅದರ ಮೇಲೆ ನಾವು ಮಾಡುವ ಒಂದು ದೊಡ್ಡ ತಪ್ಪು ಇದೆ. ಒಮ್ಮೆ ಬಿದ್ದ ಹಿರಿಯರನ್ನು ಪ್ರೀತಿಯಿಂದಲೇ ಕೂರಿಸಿಬಿಡುತ್ತೇವೆ. "ನೀನು ಏಳಬೇಡ ಅಜ್ಜಿ, ನೀರು ನಾನು ತಂದುಕೊಡುತ್ತೇನೆ, ಬಾವಿಕಟ್ಟೆಯ ಕಡೆ ಹೋಗಬೇಡ, ಪೂಜೆಗೂ ಬರುವುದು ಬೇಡ, ಟಿವಿಯಲ್ಲಿ ನೋಡು." ಅಜ್ಜಿಗೂ ಒಳಗೆ ಭಯ ಹೊಕ್ಕಿರುತ್ತದೆ. ಕೂತಷ್ಟೂ ಸ್ನಾಯು ಕರಗುತ್ತದೆ, ಕರಗಿದಷ್ಟೂ ಕಾಲು ನಡುಗುತ್ತದೆ, ನಡುಗಿದಷ್ಟೂ ಭಯ ಹೆಚ್ಚುತ್ತದೆ. ಆರು ತಿಂಗಳ ನಂತರ ಹಾಸಿಗೆಯಿಂದ ಕುರ್ಚಿಗೆ ಹೋಗುವಾಗ ಬೀಳುತ್ತಾರೆ. ಹಿರಿಯರನ್ನು ಕಾಪಾಡುವ ನಮ್ಮ ರೀತಿಯೇ ಎರಡನೆಯ ಬೀಳುವಿಕೆಗೆ ಕಾರಣವಾಗುತ್ತದೆ ಎನ್ನುವುದು ಕಠಿಣ ಮಾತು, ಆದರೆ ನಿಜ.

ಫಿಸಿಯೋಥೆರಪಿಸ್ಟ್ ಮನೆಗೆ ಬಂದು ಏನು ಮಾಡುತ್ತಾರೆ?

ಫಿಸಿಯೋಥೆರಪಿ ಎಂದರೆ ನಮ್ಮಲ್ಲಿ ಎರಡು ತಪ್ಪು ಕಲ್ಪನೆಗಳಿವೆ. ಎಣ್ಣೆ ಹಚ್ಚಿ ತಿಕ್ಕುವುದು ಒಂದು, ಯಂತ್ರದಿಂದ ಕರೆಂಟು ಕೊಡುವುದು ಇನ್ನೊಂದು. ಮನೆಗೆ ಬಂದವರು ಇವೆರಡನ್ನೂ ಮಾಡದೆ "ಎದ್ದು ನಿಲ್ಲಿ, ನಡೆಯಿರಿ" ಎಂದರೆ ದುಡ್ಡು ದಂಡವಾಯಿತು ಎಂದು ಮನೆಯವರಿಗೆ ಅನಿಸುತ್ತದೆ. ಬೀಳುವುದನ್ನು ತಡೆಯುವ ವಿಷಯದಲ್ಲಿ ಎದ್ದು ನಿಲ್ಲಿಸುವುದೇ ಚಿಕಿತ್ಸೆ.

ಮೊದಲ ಭೇಟಿಯಲ್ಲಿ ಅವರು ಹೆಚ್ಚು ಹೊತ್ತು ಕೇಳುತ್ತಾರೆ ಮತ್ತು ನೋಡುತ್ತಾರೆ. ಕಳೆದ ವರ್ಷ ಎಷ್ಟು ಸಲ ಬಿದ್ದಿರಿ, ಎಲ್ಲಿ, ಯಾವ ಹೊತ್ತಿನಲ್ಲಿ, ತಲೆ ತಿರುಗಿತ್ತೋ ಕಾಲು ಜಾರಿತೋ? ಆಮೇಲೆ ಒಂದು ಸರಳ ಪರೀಕ್ಷೆ. ಕುರ್ಚಿಯಲ್ಲಿ ಕೂತವರು ಎದ್ದು, ಮೂರು ಮೀಟರ್ ಅಂದರೆ ಹತ್ತು ಅಡಿ ನಡೆದು, ತಿರುಗಿ ಬಂದು ಕೂರಬೇಕು. ಇದಕ್ಕೆ 12 ಸೆಕೆಂಡು ಅಥವಾ ಹೆಚ್ಚು ಹಿಡಿದರೆ ಬೀಳುವ ಅಪಾಯ ಇದೆ ಎಂದು ಲೆಕ್ಕ. ಒಂದು ಪಾದದ ಹಿಮ್ಮಡಿಯನ್ನು ಇನ್ನೊಂದರ ಬೆರಳುಗಳಿಗೆ ತಾಗಿಸಿ ಸಾಲಾಗಿ ಹತ್ತು ಸೆಕೆಂಡು ನಿಲ್ಲಲು ಆಗದಿದ್ದರೂ ಹಾಗೆಯೇ. ಎರಡನ್ನೂ ನೀವು ಮನೆಯಲ್ಲಿ ನೋಡಬಹುದು, ಆದರೆ ಒಬ್ಬರು ಪಕ್ಕದಲ್ಲೇ ಕೈಚಾಚಿ ನಿಂತಿರಬೇಕು.

ಆಸ್ಪತ್ರೆಗೆ ಹೋಗುವುದಕ್ಕಿಂತ ಮನೆಗೆ ಬರುವುದರ ಲಾಭ ಇಲ್ಲಿದೆ. ಆಸ್ಪತ್ರೆಯ ನೆಲ ಸಮತಟ್ಟು, ಬೆಳಕು ಚೆನ್ನಾಗಿದೆ. ಅಲ್ಲಿ ಅಜ್ಜಿ ಚೆನ್ನಾಗಿಯೇ ನಡೆಯುತ್ತಾರೆ. ಮನೆಗೆ ಬಂದವರು ಅಜ್ಜಿ ನಿಜವಾಗಿ ನಡೆಯುವ ದಾರಿಯನ್ನು ನೋಡುತ್ತಾರೆ: ಮಂಚದ ಎತ್ತರ, ಹೊಸ್ತಿಲು, ಬಚ್ಚಲಿನ ಮೆಟ್ಟಿಲು, ಕೂರುವ ಮಣೆ, ಕೋಳಿಗೂಡಿಗೆ ಹೋಗುವ ಇಳಿಜಾರು. ಮಂಚ ತಗ್ಗಾಗಿದ್ದರೆ ಕಾಲಿನ ಕೆಳಗೆ ಮರದ ತುಂಡು ಕೊಡಿಸುತ್ತಾರೆ. ಬಚ್ಚಲಿನ ಗೋಡೆಗೆ ಹಿಡಿಕೆ ಎಲ್ಲಿ ಬೇಕು ಎಂದು ಅಜ್ಜಿಯ ಕೈ ಎತ್ತರಕ್ಕೇ ಗುರುತು ಹಾಕುತ್ತಾರೆ. ಊರುಗೋಲು ಎಷ್ಟುದ್ದ ಇರಬೇಕು ಎಂದು ಅಳೆಯುತ್ತಾರೆ. ಕೈ ಇಳಿಬಿಟ್ಟು ನಿಂತಾಗ ಮಣಿಕಟ್ಟಿನ ಮಟ್ಟಕ್ಕೆ ಹಿಡಿ ಬರಬೇಕು, ಕೆಳಗೆ ರಬ್ಬರು ಇರಬೇಕು. ಬೆತ್ತವನ್ನೋ ಕೊಡೆಯನ್ನೋ ಊರುತ್ತ ಬರುವ ನಮ್ಮ ಹಿರಿಯರು ಇದನ್ನು ಗಮನಿಸಬೇಕು. ಕೊಡೆ ಊರುಗೋಲಲ್ಲ.

ವ್ಯಾಯಾಮಗಳ ವಿಷಯದಲ್ಲಿ ಹೆಚ್ಚು ಹೆಸರಾದದ್ದು ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದ ವೈದ್ಯರು 1990ರ ದಶಕದಲ್ಲಿ ರೂಪಿಸಿದ ಕ್ರಮ. 80 ದಾಟಿದ 233 ಮಹಿಳೆಯರ ಮೇಲೆ ಮೊದಲು ಪರೀಕ್ಷಿಸಿ 1997ರಲ್ಲಿ ಫಲಿತಾಂಶ ಪ್ರಕಟಿಸಿದರು. ಫಿಸಿಯೋಥೆರಪಿಸ್ಟ್ ಮೊದಲ ಎರಡು ತಿಂಗಳಲ್ಲಿ ನಾಲ್ಕು ಸಲ ಮನೆಗೆ ಹೋಗಿ ಕಲಿಸುತ್ತಿದ್ದರು, ಆಮೇಲೆ ಫೋನಿನಲ್ಲಿ ವಿಚಾರಿಸುತ್ತಿದ್ದರು. ವಾರಕ್ಕೆ ಮೂರು ದಿನ ಅರ್ಧ ಗಂಟೆ ವ್ಯಾಯಾಮ, ಜೊತೆಗೆ ನಡಿಗೆ. ಈ ಕ್ರಮದ ಪ್ರಯೋಗಗಳನ್ನೆಲ್ಲ ಸೇರಿಸಿ ನೋಡಿದಾಗ ಬೀಳುವುದು ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚೇ, ಶೇಕಡಾ 35ರಷ್ಟು, ಕಡಿಮೆಯಾಗಿತ್ತು. 2019ರಲ್ಲಿ 25 ದೇಶಗಳ 108 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದ ಕೊಕ್ರೇನ್ ಸಮೀಕ್ಷೆಯೂ ವ್ಯಾಯಾಮದಿಂದ ಬೀಳುವುದು ಸುಮಾರು ಶೇಕಡಾ 23ರಷ್ಟು ಕಡಿಮೆಯಾಗುತ್ತದೆ ಎಂದಿದೆ. ಅದರಲ್ಲಿ ಫಲ ಕೊಟ್ಟದ್ದು ಸಮತೋಲನದ ವ್ಯಾಯಾಮ. ಬರೀ ವಾಕಿಂಗಿನಿಂದ ಬೀಳುವುದು ನಿಲ್ಲುತ್ತದೆ ಎಂಬುದಕ್ಕೆ ಗಟ್ಟಿಯಾದ ಆಧಾರ ಸಿಕ್ಕಿಲ್ಲ. "ನಾನು ದಿನಾ ತೋಟಕ್ಕೆ ಹೋಗಿ ಬರುತ್ತೇನಲ್ಲ" ಎನ್ನುವ ಅಜ್ಜಂದಿರು ಕೇಳಿಸಿಕೊಳ್ಳಲಿ.

ನಮಗೆ ಇವೆಲ್ಲಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಅದೇ ನ್ಯೂಜಿಲೆಂಡಿನಲ್ಲಿ 75 ದಾಟಿದ 240 ಮಂದಿಗೆ ಫಿಸಿಯೋಥೆರಪಿಸ್ಟ್ ಬದಲು ಮನೆಭೇಟಿಯ ನರ್ಸ್ ಒಬ್ಬರು ಇದೇ ವ್ಯಾಯಾಮ ಕಲಿಸಿದರು. ಆ ನರ್ಸಿಗೆ ಮೊದಲು ವ್ಯಾಯಾಮದ ಅನುಭವವಿರಲಿಲ್ಲ. ಫಿಸಿಯೋಥೆರಪಿಸ್ಟ್ ತರಬೇತಿ ಕೊಟ್ಟು ಮೇಲ್ವಿಚಾರಣೆ ಮಾಡಿದರು. 2001ರಲ್ಲಿ ಪ್ರಕಟವಾದ ಆ ಫಲಿತಾಂಶದಲ್ಲೂ ಬೀಳುವುದು ಶೇಕಡಾ 46ರಷ್ಟು ಕಡಿಮೆಯಾಗಿತ್ತು. ನಮ್ಮ ಧರ್ಮಭಗಿನಿಯರಲ್ಲಿ ಎಷ್ಟು ಮಂದಿ ನರ್ಸಿಂಗ್ ಕಲಿತವರಿದ್ದಾರೆ, ನಿವೃತ್ತರಾಗಿ ಊರಿಗೆ ಬಂದ ನರ್ಸುಗಳು ಎಷ್ಟು ಧರ್ಮಕೇಂದ್ರಗಳಲ್ಲಿದ್ದಾರೆ ಎಂದು ಯೋಚಿಸಿ ನೋಡಿ.

ಇನ್ನು ವ್ಯಾಯಾಮಗಳು. ಅಡುಗೆ ಕಟ್ಟೆ ಅಥವಾ ಕಿಟಕಿಯ ಸರಳು ಹಿಡಿದು ನಿಂತು ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನಿಲ್ಲುವುದು, ಆಮೇಲೆ ಬೆರಳೆತ್ತಿ ಹಿಮ್ಮಡಿಯ ಮೇಲೆ ನಿಲ್ಲುವುದು, ಹತ್ತತ್ತು ಸಲ. ಕಾಲನ್ನು ನೇರವಾಗಿಟ್ಟು ಪಕ್ಕಕ್ಕೆ ಎತ್ತಿ ಇಳಿಸುವುದು. ಸೊಂಟದ ಪಕ್ಕದ ಸ್ನಾಯು ಗಟ್ಟಿಯಾಗುವುದು ಇದರಿಂದಲೇ. ಮಂಡಿಯನ್ನು ಅರ್ಧ ಮಾತ್ರ ಬಗ್ಗಿಸಿ ಮೇಲೇಳುವುದು. ಕುರ್ಚಿಯಿಂದ ಎದ್ದು ಕೂರುವುದು: ಮೊದಲು ಎರಡು ಕೈ ಊರಿ, ಕೆಲವು ವಾರಗಳ ನಂತರ ಒಂದು ಕೈ, ಆಮೇಲೆ ಕೈ ಊರದೆ. ಕಟ್ಟೆಯ ಉದ್ದಕ್ಕೆ ಪಕ್ಕ ಪಕ್ಕಕ್ಕೆ ಹೆಜ್ಜೆ ಇಡುವುದು, ಹಿಮ್ಮುಖವಾಗಿ ನಡೆಯುವುದು, ಒಂದು ಗೆರೆಯ ಮೇಲೆ ನಡೆದಂತೆ ಹಿಮ್ಮಡಿಗೆ ಬೆರಳು ತಾಗಿಸುತ್ತ ನಡೆಯುವುದು. ಸುಲಭವಾದ ಮೇಲೆ ಪಾದದ ಗಂಟಿಗೆ ಅರ್ಧ ಕಿಲೋ ಮರಳು ತುಂಬಿದ ಬಟ್ಟೆಚೀಲ ಕಟ್ಟಬಹುದು, ಆದರೆ ಕಲಿಸಿದವರು ಹೇಳಿದ ಮೇಲೆ. ವ್ಯಾಯಾಮ ಸ್ವಲ್ಪ ಕಷ್ಟ ಅನಿಸಬೇಕು. ಕಷ್ಟವೇ ಇಲ್ಲದಿದ್ದರೆ ಸಮತೋಲನ ಕಲಿಯುವುದೂ ಇಲ್ಲ. ಫಿಸಿಯೋಥೆರಪಿಸ್ಟ್ ಮತ್ತೆ ಮತ್ತೆ ಬರಬೇಕಾಗಿರುವುದು ಇದಕ್ಕೇ: ಯಾರಿಗೆ ಎಷ್ಟು ಕಷ್ಟ ಸರಿ, ಯಾವಾಗ ಒಂದು ಮೆಟ್ಟಿಲು ಏರಿಸಬೇಕು ಎಂಬ ಲೆಕ್ಕ ಕಾಗದ ನೋಡಿ ಬರುವುದಿಲ್ಲ.

ಒಂದು ಎಚ್ಚರಿಕೆ. ಹಿಡಿಯುವುದಕ್ಕೆ ಪ್ಲಾಸ್ಟಿಕ್ ಕುರ್ಚಿ ಬೇಡವೇ ಬೇಡ; ಟೈಲ್ಸಿನ ಮೇಲೆ ಅದು ನಮಗಿಂತ ಮೊದಲು ಜಾರುತ್ತದೆ. ಬರಿಗಾಲಲ್ಲಿ ಅಥವಾ ಹಿಮ್ಮಡಿಗೆ ಪಟ್ಟಿಯಿರುವ ಚಪ್ಪಲಿಯಲ್ಲಿ ಮಾಡಬೇಕು. ಸಕ್ಕರೆ ಕಾಯಿಲೆಯವರು ಬರಿಗಾಲು ಬಿಡಬೇಕು. ಎದೆನೋವು, ತಲೆ ತಿರುಗುವುದು, ಹೊಸದಾಗಿ ಮೂಳೆ ಮುರಿದದ್ದು, ಪಾರ್ಶ್ವವಾಯು ಇದ್ದವರು ವೈದ್ಯರನ್ನು ಕೇಳದೆ ಆರಂಭಿಸಬಾರದು. ಆರು ವಾರ ಮಾಡಿ ಬಿಟ್ಟರೆ ಪ್ರಯೋಜನವಿಲ್ಲ. ತಪಸ್ಸುಕಾಲದ ಉಪವಾಸದಂತೆ ನಲವತ್ತು ದಿನಕ್ಕೆ ಮುಗಿಯುವ ವ್ರತ ಇದಲ್ಲ.

ವ್ಯಾಯಾಮದ ಆಚೆಗೂ ಕೆಲವು ವಿಷಯಗಳಿವೆ, ಚುಟುಕಾಗಿ ಹೇಳುತ್ತೇನೆ. ಬಿಪಿ ಮಾತ್ರೆ, ನಿದ್ದೆ ಮಾತ್ರೆ ತೆಗೆದುಕೊಳ್ಳುವವರಿಗೆ ಮಲಗಿದಲ್ಲಿಂದ ತಟ್ಟನೆ ಎದ್ದರೆ ಕಣ್ಣು ಕತ್ತಲೆ ಬರಬಹುದು. ಮಂಚದ ಅಂಚಿನಲ್ಲಿ ಒಂದು ನಿಮಿಷ ಕೂತು ಏಳಬೇಕು, ಮಾತ್ರೆಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರಿಗೆ ತೋರಿಸಬೇಕು. ತಾವೇ ನಿಲ್ಲಿಸಬಾರದು. ಕಣ್ಣಿನ ಪೊರೆಯ ಆಪರೇಶನ್ನನ್ನು "ಮುಂದಿನ ವರ್ಷ" ಎಂದು ಮುಂದೂಡಬಾರದು. ಮದುವೆ, ರೋಸ್ ಸಮಾರಂಭಗಳಲ್ಲಿ ಹಿರಿಯರಿಗೆ ಗೌರವದಿಂದ ಕೊಡುವ ಆ ಒಂದು ಗ್ಲಾಸಿನ ಬಗ್ಗೆಯೂ ಯೋಚಿಸುವುದು ಒಳ್ಳೆಯದು. ನಾನು ಯಾರ ಮನೆಯ ವಿಷಯ ಹೇಳುತ್ತಿದ್ದೇನೆ ಎಂದು ಓದುಗರು ಊಹಿಸಬೇಕಾಗಿಲ್ಲ.

ಮತ್ತೆ ಬಿದ್ದರೆ? ಕೂಡಲೇ ನಾಲ್ಕು ಜನ ಸೇರಿ ರಟ್ಟೆ ಹಿಡಿದು ಎಬ್ಬಿಸಬೇಡಿ. ಒಂದು ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದ್ದರೆ, ತೊಡೆಸಂದಿಯಲ್ಲಿ ಸಹಿಸಲಾಗದ ನೋವಿದ್ದರೆ ಮೂಳೆ ಮುರಿದಿರಬಹುದು. ಎಳೆಯುವುದು, ತಿಕ್ಕುವುದು, ನಾಟಿಯವರಿಂದ ಕಟ್ಟಿಸುವುದು ಯಾವುದೂ ಬೇಡ. ಅಲುಗಾಡಿಸದೆ 108ಕ್ಕೆ ಫೋನ್ ಮಾಡಿ. ತಲೆಗೆ ಪೆಟ್ಟು ಬಿದ್ದವರು ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೇಲ್ನೋಟಕ್ಕೆ ಏನೂ ಕಾಣದಿದ್ದರೂ ಆಸ್ಪತ್ರೆಗೆ ಹೋಗಲೇಬೇಕು. ಪೆಟ್ಟಾಗಿಲ್ಲದಿದ್ದರೆ ತಾವಾಗಿಯೇ ಏಳುವ ಕ್ರಮವಿದೆ, ಫಿಸಿಯೋಥೆರಪಿಸ್ಟ್ ಅದನ್ನೂ ಅಭ್ಯಾಸ ಮಾಡಿಸುತ್ತಾರೆ: ಪಕ್ಕಕ್ಕೆ ಹೊರಳಿ, ಮೊಣಕೈ ಊರಿ, ಅಂಬೆಗಾಲಿಗೆ ಬಂದು, ಹತ್ತಿರದ ಗಟ್ಟಿ ಬೆಂಚಿನ ತನಕ ತೆವಳಿ, ಅದನ್ನು ಹಿಡಿದು ಒಂದು ಪಾದ ಊರಿ ಏಳುವುದು. ಒಬ್ಬರೇ ಇರುವವರಿಗೆ ಇದು ಜೀವ ಉಳಿಸುವ ಪಾಠ. ಬಿದ್ದಲ್ಲೇ ಬೆಳಗಿನವರೆಗೆ ತಣ್ಣನೆಯ ನೆಲದ ಮೇಲೆ ಮಲಗಿದ್ದ ಒಬ್ಬ ತಾಯಿಯನ್ನು ನಾನು ಬಲ್ಲೆ. ಹಾಲು ಕೊಡಲು ಬಂದ ಪಕ್ಕದ ಮನೆಯ ಹುಡುಗ ಕಂಡದ್ದರಿಂದ ಬದುಕಿದರು. ರಾತ್ರಿಯಿಡೀ ಜಪಸರ ಹೇಳುತ್ತಿದ್ದೆ ಎಂದರು, ಎಷ್ಟು ಸಲ ಹೇಳಿದೆನೆಂದು ಲೆಕ್ಕ ತಪ್ಪಿತು ಎಂದು ನಕ್ಕರು.

ನಮ್ಮ ದೇವಾಲಯಗಳಲ್ಲೇ ಮೊದಲು

ಮನೆಯವರಿಗೆ ಬುದ್ಧಿ ಹೇಳುವ ಮುಂಚೆ ನಾವು ಧರ್ಮಗುರುಗಳು ನಮ್ಮ ದೇವಾಲಯಗಳನ್ನು ನೋಡಿಕೊಳ್ಳಬೇಕು. ಮುಂಬಾಗಿಲಿನ ಮೆಟ್ಟಿಲುಗಳಿಗೆ ಕಂಬಿ ಇದೆಯೇ? ಮಳೆಗಾಲದಲ್ಲಿ ಕೊಡೆಗಳಿಂದ ಸೋರಿದ ನೀರು ನಿಲ್ಲುವ ಜಾಗದಲ್ಲಿ ಗೋಣಿಚೀಲವಾದರೂ ಹಾಸಿದ್ದೇವೆಯೇ? ಸತ್ತವರ ಸ್ಮರಣೆಯ ದಿನ, ನವೆಂಬರ್ 2ರಂದು, ಸ್ಮಶಾನದ ಏರುಪೇರಿನ ನೆಲದಲ್ಲಿ ಸಂಜೆಗತ್ತಲೆಯಲ್ಲಿ ಎಷ್ಟು ಮುದುಕಿಯರು ಮೇಣದಬತ್ತಿ ಹಿಡಿದು ಎಡವುತ್ತಾರೆ! ಮೊಣಕಾಲೂರಲು ಆಗದವರು ಕೂತು ಪ್ರಾರ್ಥಿಸಿದರೆ ಪಾಪವಿಲ್ಲ ಎಂದು ಪೀಠದಿಂದ ಸ್ಪಷ್ಟವಾಗಿ ಹೇಳಬೇಕು. ಪಕ್ಕದವರು ಏನೆಂದುಕೊಳ್ಳುತ್ತಾರೋ ಎಂದು ಕಷ್ಟಪಟ್ಟು ಮೊಣಕಾಲೂರಿ ಏಳಲಾಗದೆ ಒದ್ದಾಡುವವರನ್ನು ಪ್ರತಿ ಭಾನುವಾರ ನೋಡುತ್ತೇವೆ.

ಪ್ರೇಷಿತರ ಕಾರ್ಯಕಲಾಪಗಳ ಮೂರನೇ ಅಧ್ಯಾಯದಲ್ಲಿ ದೇವಾಲಯದ ಬಾಗಿಲಲ್ಲಿ ಕೂತಿದ್ದ ಕುಂಟನ ಪ್ರಸಂಗ ನಿಮಗೆ ಗೊತ್ತು. ಪೇತ್ರರು ಅವನಿಗೆ ಬರೀ ಮಾತು ಹೇಳಿ ಹೋಗಲಿಲ್ಲ, ಬಲಗೈ ಹಿಡಿದು ಎಬ್ಬಿಸಿದರು. ಆಗ ಬಲ ಬಂದದ್ದು ಅವನ ಪಾದಗಳಿಗೂ ಕಾಲಿನ ಹರಡುಗಳಿಗೂ ಎಂದು ಲೂಕರು ಬರೆದಿದ್ದಾರೆ. ಲೂಕರು ವೈದ್ಯರಾಗಿದ್ದರು ಎನ್ನುತ್ತಾರಲ್ಲ! ಸೆಮಿನರಿಯಲ್ಲಿ ಈ ಭಾಗವನ್ನು ಓದಿದಾಗ ಹರಡಿನ ಮಾತು ನನಗೆ ಮುಖ್ಯವೆನಿಸಿರಲಿಲ್ಲ.

ಏನು ಮಾಡಬಹುದು ಎಂಬುದಕ್ಕೆ ನನ್ನದೊಂದು ಸಲಹೆ. ಶಿರಸಿ ಪಟ್ಟಣದಲ್ಲಿ ಫಿಸಿಯೋಥೆರಪಿಸ್ಟರು ಸಿಗುತ್ತಾರೆ. ಸಿದ್ದಾಪುರ, ಯಲ್ಲಾಪುರಗಳ ಒಳಹಳ್ಳಿಗೆ ಒಂದು ಮನೆಗೋಸ್ಕರ ಬರುವುದು ಅವರಿಗೂ ಕಷ್ಟ, ಬಾಡಿಗೆ ಗಾಡಿ ಕೊಡುವುದು ಮನೆಯವರಿಗೂ ಕಷ್ಟ. ಆದರೆ ಒಂದು ವಾಳೆಯ ನಾಲ್ಕೈದು ಮನೆಗಳು ಸೇರಿ ಒಂದು ದಿನ ಗೊತ್ತು ಮಾಡಿದರೆ ಒಂದೇ ಗಾಡಿಯಲ್ಲಿ ಎಲ್ಲರನ್ನೂ ನೋಡಿಸಬಹುದು. ಬಡ ಕುಟುಂಬದ ಪಾಲನ್ನು ಸಂತ ವಿನ್ಸೆಂಟ್ ದೆ ಪೌಲ್ ಸಭೆಯವರು ಭರಿಸಬಹುದು. ಬಂದವರ ಜೊತೆ ಒಬ್ಬ ಸಿಸ್ಟರ್ ಅಥವಾ ನಿವೃತ್ತ ನರ್ಸ್ ಹೋಗಿ ವ್ಯಾಯಾಮ ಕಲಿತು, ಮುಂದಿನ ಭೇಟಿಯವರೆಗೆ ವಾರಕ್ಕೊಮ್ಮೆ ನೋಡಿಕೊಳ್ಳಲಿ. ಯುವಸಂಘದವರು ಬಚ್ಚಲಿಗೆ ಹಿಡಿಕೆ ಕೂರಿಸಿ, ಅಂಗಳದ ಹಾವಸೆ ಉಜ್ಜಿ ಸುಣ್ಣವೋ ಬ್ಲೀಚಿಂಗ್ ಪುಡಿಯೋ ಹಾಕಿ ಬರಲಿ. ಅದಕ್ಕೆ ಫಿಸಿಯೋಥೆರಪಿಸ್ಟ್ ಬರುವ ತನಕ ಕಾಯಬೇಕಾಗಿಲ್ಲ. ಆಶಾ ಕಾರ್ಯಕರ್ತೆಯರನ್ನೂ ಸೇರಿಸಿಕೊಳ್ಳಿ. ಹಿರಿಯರ ಆರೋಗ್ಯಕ್ಕೆಂದು ಕೇಂದ್ರ ಸರಕಾರ 2010-11ರಲ್ಲಿ ಆರಂಭಿಸಿದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಫಿಸಿಯೋಥೆರಪಿಗೂ ಸ್ಥಾನವಿದೆ. ತಾಲೂಕು ಆಸ್ಪತ್ರೆಯಲ್ಲಿ ಈಗ ಏನು ಸೌಲಭ್ಯವಿದೆ ಎಂದು ವಿಚಾರಿಸಿ, ಇಲ್ಲದಿದ್ದರೆ ಕೇಳಿ. ಹಿರಿಯರ ಸಹಾಯವಾಣಿ 14567. ಇದರಲ್ಲಿ ಜಾತಿ ಮತ ನೋಡುವ ಮಾತೇ ಇಲ್ಲ. ಪಕ್ಕದ ಹೆಗಡೆಯವರ ಮನೆಯ ಅಜ್ಜಿಯೂ ಅದೇ ಹಾವಸೆಯ ಮೇಲೆ ನಡೆಯುತ್ತಾರೆ.

ಪೋಪ್ ಫ್ರಾನ್ಸಿಸರು 2021ರಲ್ಲಿ ಅಜ್ಜ ಅಜ್ಜಿಯರ ಮತ್ತು ಹಿರಿಯರ ವಿಶ್ವ ದಿನವನ್ನು ಆರಂಭಿಸಿದರು. ಕನ್ಯಾಮರಿಯಮ್ಮನವರ ತಂದೆತಾಯಿಯರಾದ ಸಂತ ಜೋಕಿಂ ಮತ್ತು ಅನ್ನಮ್ಮನವರ ಹಬ್ಬಕ್ಕೆ ಹತ್ತಿರವಾಗಿ ಜುಲೈ ತಿಂಗಳ ನಾಲ್ಕನೇ ಭಾನುವಾರ ಅದು ಬರುತ್ತದೆ. ರೋಮಿನಲ್ಲಿ ಅದು ಬಿಸಿಲ ದಿನ. ನಮ್ಮಲ್ಲಿ ಹೊರಗೆ ಕಾಲಿಡಲಾಗದ ಮಳೆ. ಆ ದಿನ ಹಿರಿಯರನ್ನು ದೇವಾಲಯಕ್ಕೆ ಕರೆಸಿ ಶಾಲು ಹೊದಿಸಿ, ಗುಲಾಬಿ ಕೊಟ್ಟು, ಚಹಾ ತಿಂಡಿ ಮಾಡಿ ಕಳುಹಿಸುವ ಪದ್ಧತಿ ಬೆಳೆದಿದೆ. ನಡೆಯಲಾಗುವವರಿಗೆ ಅದು ಸಿಗುತ್ತದೆ. ಮೊದಲ ಶುಕ್ರವಾರದ ಪಟ್ಟಿಯಲ್ಲಿರುವವರಿಗೆ ಸಿಗುವುದಿಲ್ಲ. ಶಾಲಿನ ಖರ್ಚಿನಲ್ಲಿ ಎರಡು ಬಚ್ಚಲಿಗೆ ಹಿಡಿಕೆ ಕೂರಿಸಬಹುದಲ್ಲವೇ ಎಂದು ಒಂದು ಧರ್ಮಕೇಂದ್ರದ ಪಾಲನಾ ಸಮಿತಿಯ ಸಭೆಯಲ್ಲಿ ನಾನು ಕೇಳಿದಾಗ ಒಬ್ಬ ಹಿರಿಯರು ಎದ್ದು ನಿಂತು, "ಶಾಲೂ ಇರಲಿ ಫಾದರ್, ಹಿಡಿಕೆಯೂ ಇರಲಿ" ಎಂದರು. ಹಾಗೆಯೇ ಆಯಿತು.

ನಿಮ್ಮ ಧರ್ಮಕೇಂದ್ರದಲ್ಲಿ ಮನೆಗೆ ಹೋಗಿ ಕಲಿಸಲು ಸಿದ್ಧರಿರುವ ಫಿಸಿಯೋಥೆರಪಿಸ್ಟರು, ನರ್ಸುಗಳು ಇದ್ದರೆ ನಿಮ್ಮ ವಿಚಾರಣಾ ಗುರುಗಳಿಗೆ ಹೆಸರು ಕೊಡಬೇಕೆಂದು ವಿನಂತಿಸುತ್ತೇನೆ. ಗುರಿಕಾರರು ತಮ್ಮ ವಾಳೆಯಲ್ಲಿ ಕಳೆದ ಒಂದು ವರ್ಷದಲ್ಲಿ ಬಿದ್ದವರು ಯಾರು ಯಾರು ಎಂದು ಮನೆಮನೆಗೆ ಕೇಳಿ ಬರೆದಿಡಲಿ. ಪೆಟ್ಟಾಗದೆ ಎದ್ದವರ ಹೆಸರನ್ನೂ ಬಿಡಬೇಡಿ. ಮುಂದೆ ಬೀಳುವ ಅಪಾಯ ಅವರಿಗೇ ಹೆಚ್ಚು.